ಬೇರೆ ಬ್ರ್ಯಾಂಡಿನ ಫೋನಿಗೆ ಹೋಗಬೇಕಾ? ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯಲ್ಲಿ ಫೋನಿಗೆ ಅಂತಲೇ ಒಂದು ಜಾಗವಿದೆ. ಜಗಲಿಯ ಎರಡನೇ ಕಿಟಕಿ, ಬಲಗಡೆ ಮೂಲೆ. ಅಲ್ಲಿಟ್ಟರೆ ಎರಡು ಕಡ್ಡಿ ಸಿಗ್ನಲ್. ಒಂದು ಗೇಣು ಈಚೆ ಎಳೆದರೆ ಅದೂ ಇಲ್ಲ. ಅಮ್ಮ ಫೋನನ್ನು ಅಲ್ಲೇ ಇಟ್ಟು, ಸ್ಪೀಕರ್ ಹಾಕಿ, ಕಿಟಕಿಗೆ ಮುಖ ಕೊಟ್ಟು ನಿಂತು ಮಾತಾಡುತ್ತಿದ್ದರು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯ ಎಷ್ಟೋ ಮನೆಗಳಲ್ಲಿ ಇಂಥ ಒಂದು ಕಿಟಕಿ ಇದ್ದೇ ಇರುತ್ತದೆ.

ಹೋದ ಮಳೆಗಾಲದಲ್ಲಿ ಭಾವ ಬಂದಿದ್ದರು. ಅಮ್ಮ ಕಿಟಕಿ ಹತ್ತಿರ ಕೂಗಿ ಕೂಗಿ ಮಾತಾಡುವುದನ್ನು ನೋಡಿ, "ಈ ಫೋನು ಸಾಕು ಮಾರಾಯ, ಬೇರೆ ಕಂಪನಿದು ಕೊಡ್ಸು ಅತ್ತೆಗೆ" ಅಂದರು. ನಾನು ಅಮ್ಮನ ಸಿಮ್ ತೆಗೆದು ಭಾವನ ಹೊಸ ಫೋನಿಗೆ ಹಾಕಿದೆ. ಅದೇ ಕಿಟಕಿ, ಅದೇ ಮೂಲೆ, ಅದೇ ಎರಡು ಕಡ್ಡಿ. ಮೂರು ನಿಮಿಷಕ್ಕೆ ಕಾಲ್ ಕಟ್ ಆಯಿತು. ಆಮೇಲೆ ಅಮ್ಮನ ಹಳೆ ಫೋನಿನಲ್ಲೇ, ಟವರಿನ ಬದಲು ಮನೆಯ ಇಂಟರ್ನೆಟ್ ಮೂಲಕ ಕಾಲ್ ಹೋಗುವ ವೈಫೈ ಕಾಲಿಂಗ್ ಆನ್ ಮಾಡಿದೆ. ಈಗ ಅಮ್ಮ ಅಡಿಗೆಮನೆಯಲ್ಲಿ ಕೂತು ಮಾತಾಡುತ್ತಾರೆ. ಖರ್ಚು ಸೊನ್ನೆ.

ಅದೇ ವರ್ಷ ನಾನು ನನ್ನ ಫೋನಿನ ಬ್ರ್ಯಾಂಡ್ ಬದಲಾಯಿಸಿದೆ. ಅಮ್ಮನಿಗೆ ಬೇಡ ಅಂದವನು ನನಗೆ ಬೇಕು ಅಂದೆ. ಎರಡೂ ಸರಿಯಾದ ತೀರ್ಮಾನವೇ ಅಂತ ಈಗಲೂ ಅನ್ನಿಸುತ್ತದೆ. ಯಾಕೆಂದರೆ ಎರಡನ್ನೂ ಅಂಗಡಿಯ ಕೌಂಟರಿನಲ್ಲಿ ನಿಂತು ತೀರ್ಮಾನ ಮಾಡಲಿಲ್ಲ, ಮನೆಯ ಜಗಲಿಯಲ್ಲಿ ಕೂತು ಮಾಡಿದ್ದು. ಶಿವಮೊಗ್ಗದ ನೆಹರೂ ರಸ್ತೆಯ ದೀಪದ ಬೆಳಕಿನಲ್ಲಿ ಎಲ್ಲ ಫೋನೂ ಚೆನ್ನಾಗಿಯೇ ಕಾಣುತ್ತದೆ. ಜುಲೈ ತಿಂಗಳಿನಲ್ಲಿ ನಿಮ್ಮ ಮನೆಯಲ್ಲಿ ಅದು ಹೇಗಿರುತ್ತದೆ ಅನ್ನುವುದೇ ನಿಜವಾದ ಪ್ರಶ್ನೆ.

ಹೆಜ್ಜೆ 1: ತೊಂದರೆ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಒಂದು ವಾರ ಸುಮ್ನೆ ಬರೆದಿಡಿ. ಗೋಡೆಯ ಕ್ಯಾಲೆಂಡರಿನಲ್ಲೇ ಬರೆದರೂ ಸಾಕು. ಫೋನು ಯಾವಾಗ ಬೇಜಾರು ಮಾಡಿತು, ಎಲ್ಲಿದ್ದಾಗ, ಏನು ಮಾಡುತ್ತಿದ್ದಾಗ. ವಾರ ಮುಗಿಯುವಷ್ಟರಲ್ಲಿ ತೊಂದರೆ ಯಾವ ಕಡೆಯದು ಅಂತ ತಿಳಿಯುತ್ತದೆ.

ಫೋನು ನಿಧಾನ ಅನ್ನುವುದಾದರೆ ಮೊದಲು ಸ್ಟೋರೇಜ್ ನೋಡಿ. ಗುಡ್ ಮಾರ್ನಿಂಗ್ ಚಿತ್ರ, ಮದುವೆ ವಿಡಿಯೋ, ಒಂದೇ ಫೋಟೋ ನಾಲ್ಕು ಗ್ರೂಪಿನಿಂದ ನಾಲ್ಕು ಸಲ ಬಂದಿರುವುದು, ಇವೆಲ್ಲ ಸೇರಿ ಫೋನು ತುಂಬಿರುತ್ತದೆ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂತ ಒಂದು ಜಾಗವಿದೆ. ಅಲ್ಲಿ ದೊಡ್ಡ ಫೈಲುಗಳೆಲ್ಲ ಸಾಲಾಗಿ ಕಾಣುತ್ತವೆ. ಅಳಿಸಿ ನೋಡಿ. ಶೇಕಡ 15-20ರಷ್ಟು ಜಾಗ ಖಾಲಿಯಾದ ಮೇಲೂ ನಿಧಾನವೇ ಇದ್ದರೆ ಆಗ ಫೋನಿನ ಮೇಲೆ ತಪ್ಪು ಹೊರಿಸಬಹುದು.

ಚಾರ್ಜ್ ನಿಲ್ಲುವುದಿಲ್ಲ ಅನ್ನುವುದು ಎರಡನೇ ದೂರು. ಲಿಥಿಯಂ ಬ್ಯಾಟರಿಗೆ ಆಯುಸ್ಸು ಇಷ್ಟೇ ಅಂತ ಇರುತ್ತದೆ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವು 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಶೇಕಡ 80 ಸಾಮರ್ಥ್ಯ ಉಳಿಸಿಕೊಳ್ಳುವಂತೆ ಮಾಡಿದ್ದು, ಐಫೋನ್ 15ರಿಂದ ಈಚೆಗೆ 1,000 ಸಲ ಅಂತ ಆ್ಯಪಲ್ ಹೇಳುತ್ತದೆ. ಮೂರು ವರ್ಷದ ಫೋನಿಗೆ ಬ್ಯಾಟರಿ ಬದಲಾಯಿಸುವುದು ಹೊಸ ಫೋನಿನ ಬೆಲೆಗೆ ಹೋಲಿಸಿದರೆ ಸಣ್ಣ ಖರ್ಚು.

ನಮ್ಮ ಕಡೆ ಇನ್ನೂ ಒಂದು ವಿಷಯವಿದೆ. ಸಿಗ್ನಲ್ ಕಮ್ಮಿ ಇರುವ ಜಾಗದಲ್ಲಿ ಫೋನು ದೂರದ ಟವರನ್ನು ಹುಡುಕುತ್ತಲೇ ಇರುತ್ತದೆ, ಜೋರಾಗಿ ಕೂಗುತ್ತಲೇ ಇರುತ್ತದೆ. ಅದಕ್ಕೇ ಚಾರ್ಜ್ ಇಳಿಯುತ್ತದೆ. ಬೆಂಗಳೂರಿನಲ್ಲಿ ರಾತ್ರಿವರೆಗೆ ಬರುವ ಅದೇ ಫೋನು ಹೊಸನಗರದ ಹಳ್ಳಿಯಲ್ಲಿ ಮಧ್ಯಾಹ್ನಕ್ಕೇ ಮಲಗುತ್ತದೆ. ಒಂದು ದಿನ ಮನೆಯಲ್ಲಿ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಇಟ್ಟು ನೋಡಿ. ಚಾರ್ಜ್ ಚೆನ್ನಾಗಿ ನಿಂತರೆ ಬ್ಯಾಟರಿ ಸರಿಯಿದೆ, ಸಿಗ್ನಲ್ಲೇ ಅದನ್ನು ತಿನ್ನುತ್ತಿದೆ.

ಹೆಜ್ಜೆ 2: ಸಿಗ್ನಲ್ಲಿನ ವಿಚಾರಣೆ

ಮಲೆನಾಡಿನಲ್ಲಿ ಫೋನಿನ ಮೇಲೆ ಬರುವ ದೂರುಗಳಲ್ಲಿ ಜಾಸ್ತಿ ಇದೇ. ಆದ್ದರಿಂದ ಇದಕ್ಕೆ ಸ್ವಲ್ಪ ಹೊತ್ತು ಕೊಡಿ.

ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅನ್ನುವುದನ್ನು ಒಂದೊಂದು ಕಂಪನಿ ಒಂದೊಂದು ಥರ ತೋರಿಸುತ್ತದೆ. ಅಂಕಿ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ಬಗೆಗಿನ ವಿವರದಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಾಮಾನ್ಯವಾಗಿ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಅಳೆಯುವ ಅಳತೆ) ಅಂತ ಕಾಣುತ್ತದೆ. ಐಫೋನಿನಲ್ಲಿ *3001#12345#* ಅಂತ ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ಅನ್ನುವ ಪುಟ ತೆರೆಯುತ್ತದೆ. ಅಂಕಿಯ ಹಿಂದೆ ಮೈನಸ್ ಇರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಒಳಗಿದ್ದರೆ ಆರಾಮ. ಮೈನಸ್ 110 ದಾಟಿದರೆ ಮಾತು ಕಡಿಯಲು ಶುರು.

ಈಗ ಮನೆಗೆ ಯಾರಾದರೂ ಬೇರೆ ಬ್ರ್ಯಾಂಡಿನ ಫೋನು ಹಿಡಿದು ಬಂದಾಗ ಕೇಳಿ ಪಡೆಯಿರಿ. ನಿಮ್ಮ ಸಿಮ್ ಹಾಕಿ. ಜಗಲಿ, ಅಡಿಗೆಮನೆ, ಕೊಟ್ಟಿಗೆ, ತೋಟದ ಅಂಚು, ನಾಲ್ಕೂ ಕಡೆ ಅಂಕಿ ಬರೆದುಕೊಳ್ಳಿ. ನಿಮ್ಮ ಫೋನಿನಲ್ಲೂ ಹಾಗೇ ಬರೆಯಿರಿ. ಎರಡರ ನಡುವೆ ಐದಾರು ಅಂಕಿ ಮಾತ್ರ ವ್ಯತ್ಯಾಸ ಇದ್ದರೆ ಬ್ರ್ಯಾಂಡ್ ಬದಲಾಯಿಸಿ ಪ್ರಯೋಜನವಿಲ್ಲ. ಟವರಿಗೂ ನಿಮ್ಮ ಮನೆಗೂ ನಡುವೆ ಗುಡ್ಡವಿದೆ, ಅಷ್ಟೇ. ಆಗ ಬದಲಾಯಿಸಬೇಕಾದ್ದು ನೆಟ್‌ವರ್ಕನ್ನು. ಪಕ್ಕದ ಮನೆಯವರ ಬೇರೆ ಕಂಪನಿ ಸಿಮ್ ನಿಮ್ಮ ಫೋನಿಗೆ ಹಾಕಿ ನೋಡಿ, ಅದು ಚೆನ್ನಾಗಿ ಬಂದರೆ ನಂಬರ್ ಅದೇ ಇಟ್ಟು ಆ ಕಂಪನಿಗೆ ಪೋರ್ಟ್ ಮಾಡಿಸಿ. ಈಗಿನ ನೆಟ್‌ವರ್ಕಿಗೆ ಬಂದು 90 ದಿನ ಆಗಿರಬೇಕು ಅನ್ನುವುದೊಂದು ನಿಯಮ.

ಹಳೆ ಫೋನಿನಲ್ಲಿ ಬಾರದ್ದು ಹೊಸದರಲ್ಲಿ ಬರುವ ಸಂದರ್ಭವೂ ಇದೆ. ಅದು ಬ್ಯಾಂಡಿನ ವಿಷಯ. ಟವರುಗಳು ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುತ್ತವೆ. ಕಡಿಮೆ ಫ್ರೀಕ್ವೆನ್ಸಿಯದ್ದು ದೂರ ಹೋಗುತ್ತದೆ, ಮರ ಗೋಡೆ ದಾಟಿ ಒಳಗೂ ಬರುತ್ತದೆ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಉದ್ಘಾಟನೆ ಮಾಡಿಸಿತು. ಅದು ಬಳಸುವುದು 700 ಮತ್ತು 2100 ಮೆಗಾಹರ್ಟ್ಸ್. 700ಕ್ಕೆ ಬ್ಯಾಂಡ್ 28 ಅಂತ ಹೆಸರು. ನಿಮ್ಮ ಹಳ್ಳಿಯಲ್ಲಿ ಬಿಎಸ್‌ಎನ್‌ಎಲ್ ಒಂದೇ ಗತಿ ಅಂತಾದರೆ, ತಗೊಳ್ಳುವ ಫೋನಿನ ವಿವರದ ಪಟ್ಟಿಯಲ್ಲಿ 4ಜಿ ಬ್ಯಾಂಡುಗಳ ಸಾಲು ಹುಡುಕಿ, 28 ಇದೆಯಾ ನೋಡಿ. ಬಿಎಸ್‌ಎನ್‌ಎಲ್ ಸಿಮ್ ಹಾಕಿದಾಗ ಆ ಫೋನಿನಲ್ಲಿ ವೋಲ್ಟೆ, ಅಂದರೆ 4ಜಿಯಲ್ಲೇ ಕಾಲ್ ಮಾಡುವ ಸೌಲಭ್ಯ, ಕೆಲಸ ಮಾಡುತ್ತದಾ ಅಂತಲೂ ನೋಡಬೇಕು. ಇಲ್ಲದಿದ್ದರೆ 4ಜಿ ಇದ್ದರೂ ಕಾಲ್ ಬಂದಾಗ 2ಜಿಗೆ ಇಳಿಯುತ್ತದೆ.

ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ ವೈಫೈ ಕಾಲಿಂಗ್ ಮೊದಲು ಆನ್ ಮಾಡಿ. ಸೆಟ್ಟಿಂಗ್ಸ್‌ನ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಜಾಗದಲ್ಲೇ ಇರುತ್ತದೆ. ಏರ್‌ಟೆಲ್ ಇದನ್ನು 2019ರ ಕೊನೆಗೆ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದವು. ಇಷ್ಟು ವರ್ಷ ಆದರೂ ನಮ್ಮೂರಲ್ಲಿ ಅರ್ಧ ಮನೆಯವರಿಗೆ ಈ ಸೌಲಭ್ಯ ತಮ್ಮ ಕೈಯಲ್ಲೇ ಇದೆ ಅಂತ ಗೊತ್ತಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಸಿಗ್ನಲ್ ಇಲ್ಲ ಅಂತ ಇಪ್ಪತ್ತು ಸಾವಿರದ ಫೋನು ತಂದು, ಅದೇ ಕಿಟಕಿಯ ಹತ್ತಿರ ನಿಂತವರನ್ನು ನೋಡಿದ್ದೇನೆ. ಕರೆಂಟು ಹೋದರೆ ರೂಟರೂ ಮಲಗುತ್ತದೆ, ಅದಕ್ಕೆ ಸಣ್ಣ ರೂಟರ್ ಯುಪಿಎಸ್ ಒಂದನ್ನು ಜೋಡಿಸಿಕೊಳ್ಳಿ.

ಅಮೆರಿಕದಲ್ಲಿರುವ ಮಗನೋ ತಮ್ಮನೋ ಐಫೋನು ತಂದುಕೊಡುತ್ತೇನೆ ಅಂದರೆ ಒಂದು ಮಾತು. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ಹಾಕುವ ಕಿಂಡಿಯೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ಇ-ಸಿಮ್ ಅಂದರೆ ಫೋನು ಕೆಟ್ಟಾಗ ಸಿಮ್ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳುವ ದಾರಿ ಇಲ್ಲ. ಪೇಟೆಯಲ್ಲಿರುವವರಿಗೆ ಇದು ಸಣ್ಣ ವಿಷಯ. ಮಳೆಗೆ ರಸ್ತೆ ಕಡಿದುಹೋಗುವ ಊರಿನವರಿಗೆ ದೊಡ್ಡದು. ಫೋನು ಅಲ್ಲಿನ ನೆಟ್‌ವರ್ಕ್ ಕಂಪನಿಗೆ ಲಾಕ್ ಆಗಿಲ್ಲ ಅಂತಲೂ ಕೇಳಿಕೊಳ್ಳಿ.

ಹೆಜ್ಜೆ 3: ಮಳೆ, ಕೈ, ಕರೆಂಟು

ನಮ್ಮಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಎಲ್ಲವೂ ಒದ್ದೆ. ಫೋನಿನ ನೀರು ತಡೆಯುವ ಗುಣವನ್ನು ಐಪಿ ಅಂಕಿಯಲ್ಲಿ ಹೇಳುತ್ತಾರೆ. ಐಪಿ54 ಅಂದರೆ ಎರಚಲು ತಡೆದೀತು. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಐಪಿ68 ಅಂದರೆ ಅದಕ್ಕಿಂತ ಮೇಲೆ, ಎಷ್ಟು ಆಳ ಎಷ್ಟು ಹೊತ್ತು ಅಂತ ಕಂಪನಿಯೇ ಹೇಳಬೇಕು. ಈ ಪರೀಕ್ಷೆ ಎಲ್ಲ ಶುದ್ಧ ನೀರಿನಲ್ಲಿ, ಹೊಸ ಫೋನಿನ ಮೇಲೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಸಿಡಿಯುವ ತೋಟದಲ್ಲಿ ಅಲ್ಲ. ಒಮ್ಮೆ ಬಿದ್ದು ಅಂಚು ಬಿಟ್ಟ ಫೋನಿಗೆ ಆ ಅಂಕಿ ಲೆಕ್ಕಕ್ಕಿಲ್ಲ. ನೀರು ಹೋಗಿ ಹಾಳಾದರೆ ವಾರಂಟಿ ಸಾಮಾನ್ಯವಾಗಿ ಸಿಗುವುದೂ ಇಲ್ಲ. ಆದರೂ ನಮ್ಮ ಊರಿಗೆ ಕ್ಯಾಮೆರಾಗಿಂತ ಈ ಅಂಕಿಗೆ ದುಡ್ಡು ಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಒದ್ದೆ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಯಬೇಡಿ. ಅಕ್ಕಿಯ ಪುಡಿ ಒಳಗೆ ಹೋಗಿ ಹಾಳಾಗುತ್ತದೆ ಅಂತ ಆ್ಯಪಲ್ ಕಂಪನಿಯೇ ಬೇಡ ಅನ್ನುತ್ತದೆ. ಬಚ್ಚಲೊಲೆಯ ಹತ್ತಿರವೂ ಇಡಬೇಡಿ, ಬಿಸಿಗೆ ಬ್ಯಾಟರಿ ಉಬ್ಬುತ್ತದೆ. ಚಾರ್ಜ್ ಕಿಂಡಿ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಬಿಡಿ. ಪೂರ್ತಿ ಒಣಗುವವರೆಗೆ ಚಾರ್ಜರ್ ಚುಚ್ಚಬೇಡಿ.

ಇನ್ನು ಕೈ. ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲಿನ ಸಮಯದಲ್ಲಿ ಅಡಿಕೆ ಸುಲಿದ ಬೆರಳು ನೋಡಿದ್ದೀರಲ್ಲ, ಚೊಗರು ಹತ್ತಿ ಕಪ್ಪಾಗಿರುತ್ತದೆ, ಗೆರೆ ಸವೆದಿರುತ್ತದೆ. ಆ ಬೆರಳಿಗೆ ಫಿಂಗರ್‌ಪ್ರಿಂಟ್ ಎಷ್ಟೋ ಸಲ ತೆರೆಯುವುದೇ ಇಲ್ಲ. ಅತ್ತಿಗೆ ಹೋದ ಡಿಸೆಂಬರಿನಲ್ಲಿ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಇಟ್ಟರೂ ಫೋನು ತೆರೆಯಲಿಲ್ಲ. ಕೊನೆಗೆ ಚೊಗರು ತಾಗದ ಎಡಗೈ ಕಿರುಬೆರಳನ್ನು ಸೇರಿಸಿಕೊಟ್ಟ ಮೇಲೆ ಸರಿಯಾಯಿತು. ಹೊಸ ಬ್ರ್ಯಾಂಡ್ ನೋಡುವಾಗ ಮುಖ ನೋಡಿ ತೆರೆಯುವುದು ಎಷ್ಟು ಭದ್ರ, ಕತ್ತಲಲ್ಲಿ ಆಗುತ್ತದಾ, ಪಿನ್ ಹಾಕುವ ಅಂಕಿ ದೊಡ್ಡದಾಗಿವೆಯಾ, ಇದನ್ನೆಲ್ಲ ಕೈಯಲ್ಲಿ ಹಿಡಿದೇ ನೋಡಿ.

ಕರೆಂಟಿನ ವಿಷಯ ಚಾರ್ಜಿನ ವೇಗಕ್ಕೆ ಸೇರಿದ್ದು. ಎರಡು ದಿನಕ್ಕೊಮ್ಮೆ ಒಂದು ತಾಸು ಕರೆಂಟು ಬರುವ ವಾರಗಳಿರುತ್ತವೆ. ಆಗ ಅರ್ಧ ತಾಸಿನಲ್ಲಿ ತುಂಬುವ ಫೋನು ದೇವರಂತೆ ಕಾಣುತ್ತದೆ. ಆದರೆ ಕೆಲವು ಬ್ರ್ಯಾಂಡುಗಳ ಅತಿ ವೇಗದ ಚಾರ್ಜಿಂಗ್ ಅವರದೇ ಚಾರ್ಜರ್, ಅವರದೇ ಕೇಬಲ್ಲಿಗೆ ಮಾತ್ರ ಬರುತ್ತದೆ. ಮನೆಯಲ್ಲಿ ಈಗಿರುವ ಮೂರು ಚಾರ್ಜರ್ ಹೊಸ ಫೋನಿಗೆ ನಿಧಾನವಾಗಿ ಮಾತ್ರ ಕೆಲಸ ಮಾಡಬಹುದು. ಡಬ್ಬಿಯಲ್ಲಿ ಚಾರ್ಜರ್ ಇದೆಯಾ ಕೇಳಿ. ಐಫೋನಿನ ಡಬ್ಬಿಯಲ್ಲಿ 2020ರಿಂದ ಇಲ್ಲ.

ರೇಡಿಯೋ ಕೇಳುವ ಮನೆಯವರಾದರೆ ಇದನ್ನೂ ನೋಡಿ. ನೆಟ್ ಇಲ್ಲದಾಗಲೂ ಭದ್ರಾವತಿ ಆಕಾಶವಾಣಿ ಕೇಳಬೇಕು ಅಂದರೆ ಫೋನಿನಲ್ಲಿ ಎಫ್ಎಂ ರೇಡಿಯೋ ಇರಬೇಕು. ಇಯರ್‌ಫೋನ್ ವಯರೇ ಅದಕ್ಕೆ ಆಂಟೆನಾ. ಐಫೋನಿನಲ್ಲಿ ಈ ಸೌಲಭ್ಯ ಇಲ್ಲ. ಆಂಡ್ರಾಯ್ಡಿನಲ್ಲೂ ಎಲ್ಲದರಲ್ಲಿ ಇಲ್ಲ.

ಹೆಜ್ಜೆ 4: ಕೆಟ್ಟರೆ ಎಲ್ಲಿಗೆ ಹೋಗಬೇಕು?

ನಾನು ಬ್ರ್ಯಾಂಡ್ ಬದಲಾಯಿಸಿದ್ದು ಇದೇ ಕಾರಣಕ್ಕೆ. ನನ್ನ ಹಿಂದಿನ ಫೋನಿನಲ್ಲಿ ಒಂದು ಅಪ್‌ಡೇಟ್ ಆದ ಮರುದಿನ ಪರದೆಯ ಮೇಲಿಂದ ಕೆಳಗೆ ಕೂದಲೆಳೆಯಷ್ಟು ತೆಳು ಹಸಿರು ಗೆರೆ ಬಂತು. ವಾರದಲ್ಲಿ ಎರಡಾಯಿತು. ಆ ಕಂಪನಿಯ ಸರ್ವಿಸ್ ಸೆಂಟರ್ ಶಿವಮೊಗ್ಗದಲ್ಲಿ ಇರಲಿಲ್ಲ. ಕೊರಿಯರ್ ಮಾಡಿ ಅಂದರು. ಮಾಡಿದೆ. ವಾಪಸ್ ಬರುವುದಕ್ಕೆ ಮೂರು ವಾರ ಹಿಡಿಯಿತು, ಅದೂ ಕೊಯ್ಲಿನ ಸಮಯದಲ್ಲಿ. ಅಡಿಕೆ ಗೊನೆ ಇಳಿಸುವ ಕೊನೆಗಾರರಿಗೆ ಫೋನು ಮಾಡಲು ಪಕ್ಕದ ಮನೆಗೆ ಓಡಾಡಿದೆ. ಫೋನು ಒಳ್ಳೆಯದೇ ಇತ್ತು. ನಮ್ಮ ಊರಿಗೆ ಹೊಂದಲಿಲ್ಲ.

ಹಾಗಾಗಿ ಇದನ್ನು ತಪ್ಪದೆ ಮಾಡಿ. ಕಂಪನಿಯ ಸ್ವಂತ ಜಾಲತಾಣಕ್ಕೆ ಹೋಗಿ, ಸರ್ವಿಸ್ ಸೆಂಟರ್ ಹುಡುಕುವ ಜಾಗದಲ್ಲಿ ಶಿವಮೊಗ್ಗದ ಪಿನ್‌ಕೋಡ್ 577201 ಹಾಕಿ. ಬಂದ ವಿಳಾಸ ಇವತ್ತಿಗೂ ಇದೆಯಾ ಅಂತ ಫೋನು ಮಾಡಿ ಕೇಳಿ, ಇವು ಮುಚ್ಚುತ್ತಾ ತೆರೆಯುತ್ತಾ ಇರುತ್ತವೆ. ಮೂರು ಪ್ರಶ್ನೆ ಕೇಳಿ: ಪರದೆ ಬದಲಾಯಿಸಲು ಎಷ್ಟು, ಬ್ಯಾಟರಿಗೆ ಎಷ್ಟು, ಇಲ್ಲೇ ಮಾಡುತ್ತೀರಾ ಅಥವಾ ಬೆಂಗಳೂರಿಗೆ ಕಳಿಸುತ್ತೀರಾ. ಕೆಲವು ಕಂಪನಿಗಳು ಬಿಡಿಭಾಗದ ಬೆಲೆಯನ್ನು ತಮ್ಮ ಜಾಲತಾಣದಲ್ಲೇ ಹಾಕಿವೆ. ಆಮೇಲೆ ನಿಮ್ಮ ತಾಲೂಕು ಪೇಟೆಯಲ್ಲಿ ರಿಪೇರಿ ಮಾಡುವ ಹುಡುಗನ ಹತ್ತಿರ ಹೋಗಿ, "ಈ ಮಾಡೆಲ್‌ದು ಡಿಸ್‌ಪ್ಲೇ ಸಿಗುತ್ತಾ?" ಅಂತ ಕೇಳಿ. ಯಾವ ಫೋನು ಜಾಸ್ತಿ ಬರುತ್ತದೆ, ಯಾವುದರ ಪಾರ್ಟ್ಸ್ ಸಿಗುವುದಿಲ್ಲ ಅನ್ನುವುದು ಅವನಿಗೆ ಗೊತ್ತಿರುವಷ್ಟು ಯಾವ ವಿಡಿಯೋದವರಿಗೂ ಗೊತ್ತಿರುವುದಿಲ್ಲ.

ವಾರಂಟಿಯಲ್ಲಿ ಮೋಸ ಆಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಕಾಯ್ದೆ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಿಲ್ ಇಟ್ಟುಕೊಂಡಿರಿ.

ಹೆಜ್ಜೆ 5: ಎಷ್ಟು ವರ್ಷ ಬಾಳುತ್ತದೆ?

ಫೋನು ಕೆಡದಿದ್ದರೂ ಅಪ್‌ಡೇಟ್ ನಿಂತರೆ ಒಂದು ದಿನ ಬ್ಯಾಂಕ್ ಆ್ಯಪ್ ತೆರೆಯುವುದು ನಿಲ್ಲುತ್ತದೆ, ವಾಟ್ಸಾಪ್ ನಿಲ್ಲುತ್ತದೆ. 2025ರ ಮೇ ತಿಂಗಳಿನಿಂದ ವಾಟ್ಸಾಪಿಗೆ ಐಫೋನಿನ ಸಾಫ್ಟ್‌ವೇರ್ ಆದ ಐಓಎಸ್ 15.1 ಬೇಕು ಅಂತಾದಾಗ ಐಫೋನ್ 5ಎಸ್, 6, 6 ಪ್ಲಸ್ ಇಟ್ಟುಕೊಂಡವರು ಹೊರಗಾದರು.

ಗೂಗಲ್ ಪಿಕ್ಸೆಲ್ 8ಕ್ಕೆ 2023ರಲ್ಲಿ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ 2024ರಲ್ಲಿ ಏಳು ವರ್ಷದ ಅಪ್‌ಡೇಟ್ ಮಾತು ಕೊಟ್ಟಿದ್ದಾರೆ. ಕಡಿಮೆ ಬೆಲೆಯ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷ. 2019ರ ಐಫೋನ್ 11ಕ್ಕೆ 2025ರ ಐಓಎಸ್ 26 ಬಂತು. ಕಡಿಮೆ ಬೆಲೆಯ ಎಷ್ಟೋ ಫೋನುಗಳಿಗೆ ಎರಡು ಮೂರು ವರ್ಷ ಮಾತ್ರ. ಒಂದೇ ಕಂಪನಿಯ ಎರಡು ಮಾಡೆಲಿಗೂ ಬೇರೆ ಬೇರೆ ಲೆಕ್ಕ ಇರುತ್ತದೆ, ಹಾಗಾಗಿ ಮಾಡೆಲ್ ಹೆಸರು ಹಾಕಿಯೇ ಹುಡುಕಿ. ಈ ವರ್ಷಗಳು ಫೋನು ಮಾರುಕಟ್ಟೆಗೆ ಬಂದ ದಿನದಿಂದ ಶುರು, ನೀವು ತಗೊಂಡ ದಿನದಿಂದ ಅಲ್ಲ. ದೀಪಾವಳಿ ರಿಯಾಯಿತಿಯಲ್ಲಿ ಸಿಗುವ ಹಿಂದಿನ ವರ್ಷದ ಫೋನಿಗೆ ಒಂದು ವರ್ಷ ಆಗಲೇ ಮುಗಿದಿರುತ್ತದೆ.

ಲೆಕ್ಕ ಹೀಗೆ ಹಾಕಿ. 18,000 ರೂಪಾಯಿ ಫೋನು ಮೂರು ವರ್ಷ ಬಂದರೆ ವರ್ಷಕ್ಕೆ 6,000. 30,000ದ್ದು ಆರು ವರ್ಷ ಬಂದು, ನಡುವೆ ಬ್ಯಾಟರಿಗೆ 3,000 ಹೋದರೂ ವರ್ಷಕ್ಕೆ 5,500. ಇದಕ್ಕೆ ಕವರ್, ಗ್ಲಾಸ್, ಚಾರ್ಜರ್ ಸೇರಿಸಿ, ಹಳೆ ಫೋನು ಮಾರಿ ಬರುವುದನ್ನು ಕಳೆಯಿರಿ. ಕಂತಿನಲ್ಲಿ ತಗೊಂಡರೆ ಪ್ರೊಸೆಸಿಂಗ್ ಫೀ ಎಷ್ಟು ಕೇಳಿ.

ಹೆಜ್ಜೆ 6: ಅಕ್ಕಪಕ್ಕದ ಮನೆಗೋ, ಹೊಳೆಯ ಆಚೆಗೋ?

ಒಂದು ಆಂಡ್ರಾಯ್ಡಿನಿಂದ ಇನ್ನೊಂದು ಆಂಡ್ರಾಯ್ಡಿಗೆ ಹೋಗುವುದು ಪಕ್ಕದ ಮನೆಗೆ ಸಾಮಾನು ಸಾಗಿಸಿದ ಹಾಗೆ. ಆಂಡ್ರಾಯ್ಡಿನಿಂದ ಐಫೋನಿಗೋ ಅಲ್ಲಿಂದ ಇಲ್ಲಿಗೋ ಹೋಗುವುದು ಹೊಳೆ ದಾಟಿದ ಹಾಗೆ. ದಾಟಬಹುದು, ಆದರೆ ಕೆಲವು ಸಾಮಾನು ಈಚೆಯೇ ಉಳಿಯುತ್ತವೆ.

ದುಡ್ಡು ಕೊಟ್ಟು ಕೊಂಡ ಆ್ಯಪುಗಳು ಬರುವುದಿಲ್ಲ. ಆ್ಯಪಲ್ ವಾಚ್ ಆಂಡ್ರಾಯ್ಡಿಗೆ ಸೇರುವುದಿಲ್ಲ. ಗ್ಯಾಲಕ್ಸಿ ವಾಚ್ 4 ಮತ್ತು ನಂತರದವು ಐಫೋನಿಗೆ ಸೇರುವುದಿಲ್ಲ. ಐಫೋನಿನಲ್ಲಿ ಮೆಮೊರಿ ಕಾರ್ಡ್ ಇಲ್ಲ. ಬೆಳೆ ಸಮೀಕ್ಷೆ ಆ್ಯಪ್, ಸರ್ವೆ ನಂಬರ್ ನೋಡುವ ದಿಶಾಂಕ್, ನಿಮ್ಮ ಸಹಕಾರಿ ಬ್ಯಾಂಕಿನ ಆ್ಯಪ್, ಇವೆಲ್ಲ ಆಚೆ ದಡದಲ್ಲಿ ಸಿಗುತ್ತವಾ ಅಂತ ಐಫೋನ್ ಇರುವ ಯಾರದಾದರೂ ಕೈಯಲ್ಲಿ ಹುಡುಕಿಸಿ ನೋಡಿ. ಕಾಲ್ ರೆಕಾರ್ಡಿಂಗ್ ಬಳಸುವವರಿಗೆ ಇನ್ನೊಂದು ಮಾತು. ಐಫೋನಿನಲ್ಲಿ ಅದು ಐಓಎಸ್ 18.1ರಿಂದ ಬಂದಿದೆ, ಆದರೆ ರೆಕಾರ್ಡ್ ಆಗುತ್ತಿದೆ ಅಂತ ಎರಡೂ ಕಡೆಯವರಿಗೆ ಕೇಳಿಸುತ್ತದೆ. ಗೂಗಲ್ ಡಯಲರ್ ಇರುವ ಆಂಡ್ರಾಯ್ಡುಗಳಲ್ಲೂ ಹಾಗೇ. ಕನ್ನಡ ಬರೆಯುವುದಕ್ಕೆ ಈಗ ಭಯವಿಲ್ಲ. ಐಫೋನಿನಲ್ಲೂ ಕನ್ನಡ ಕೀಬೋರ್ಡು ಇದೆ.

ಹಿರಿಯರಿಗೆ ಬದಲಾಯಿಸುವಾಗ ಎರಡು ಸಲ ಯೋಚಿಸಿ. ನಮ್ಮ ಅಪ್ಪಯ್ಯನಿಗೆ ಆ್ಯಪಿನ ಹೆಸರು ಗೊತ್ತಿಲ್ಲ. ಎರಡನೇ ಸಾಲಿನ ಮೂರನೇ ಚಿತ್ರ ಒತ್ತಿದರೆ ಅಡಿಕೆ ಧಾರಣೆ, ಕೆಳಗಿನ ಹಸಿರು ಒತ್ತಿದರೆ ತಂಗಿ. ಕಾಲ್ ಬಂದಾಗ ಬಲಕ್ಕೆ ಎಳೆಯುವುದು ಅಭ್ಯಾಸ. ಹೊಸ ಬ್ರ್ಯಾಂಡಿನಲ್ಲಿ ಮೇಲಕ್ಕೆ ಎಳೆಯಬೇಕು ಅಂತಾದರೆ ಹದಿನೈದು ದಿನ ಯಾರ ಕಾಲೂ ಎತ್ತಲಾಗದೆ ಒದ್ದಾಡುತ್ತಾರೆ. ಅವರಿಗೆ ಅದೇ ಬ್ರ್ಯಾಂಡಿನ ಹೊಸ ಮಾಡೆಲ್ಲೇ ಸಾಕು. ಬದಲಾಯಿಸಲೇಬೇಕು ಅಂದರೆ ಚಿತ್ರಗಳನ್ನೆಲ್ಲ ಹಳೆ ಜಾಗದಲ್ಲೇ ಜೋಡಿಸಿಕೊಡಿ, ಕೆಳಗಿನ ಮೂರು ಬಟನ್ ಆನ್ ಮಾಡಿಕೊಡಿ.

ಹೆಜ್ಜೆ 7: ತೀರ್ಮಾನ

ಈಗ ನಿಮ್ಮ ಹತ್ತಿರ ವಾರದ ದೂರು, ಸಿಗ್ನಲ್ ಅಂಕಿ, ಸರ್ವಿಸ್ ಸೆಂಟರಿನ ಉತ್ತರ, ವರ್ಷದ ಲೆಕ್ಕ ಎಲ್ಲ ಇದೆ. ಬ್ರ್ಯಾಂಡ್ ಬದಲಾಯಿಸಿ ಅಂತ ನಾನು ಹೇಳುವುದು ಮೂರು ಸಂದರ್ಭದಲ್ಲಿ ಮಾತ್ರ. ನಿಮ್ಮ ಬ್ರ್ಯಾಂಡಿಗೆ ಹತ್ತಿರದಲ್ಲಿ ರಿಪೇರಿ ಇಲ್ಲ. ಅಪ್‌ಡೇಟ್ ನಿಂತಿದೆ ಮತ್ತು ಅದೇ ಬ್ರ್ಯಾಂಡಿನ ಹೊಸದೂ ಜಾಸ್ತಿ ವರ್ಷ ಕೊಡುವುದಿಲ್ಲ. ಅಥವಾ ನಿಮಗೆ ಬೇಕಾದ ಒಂದು ಗುಣ, ಬ್ಯಾಂಡ್ 28 ಇರಬಹುದು, ನೀರು ತಡೆಯುವುದಿರಬಹುದು, ನಿಮ್ಮ ಬೆಲೆಯಲ್ಲಿ ಆ ಬ್ರ್ಯಾಂಡಿನಲ್ಲಿ ಸಿಗುವುದಿಲ್ಲ. ಬೇರೆಯವರು ತಗೊಂಡರು ಅನ್ನುವುದು ಈ ಪಟ್ಟಿಯಲ್ಲಿ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಆ ಫೋನಿನಲ್ಲಿ *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ನೋಡಿ. ಇಂಗ್ಲಿಷಿನಲ್ಲಿ ಕೆ, ವೈ, ಎಂ ಅಂತ ಮೂರು ದೊಡ್ಡ ಅಕ್ಷರ ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಕದ್ದ ಫೋನು ಅಂತ ಬ್ಲಾಕ್ ಆಗಿದ್ದರೆ ಉತ್ತರದಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 8: ಸಾಗಿಸುವ ದಿನ

ಮೊದಲು ಕಾಂಟ್ಯಾಕ್ಟ್ಸ್. ನಂಬರುಗಳು ಸಿಮ್‌ನಲ್ಲಿವೆಯಾ, ಫೋನಿನಲ್ಲಿವೆಯಾ, ಗೂಗಲ್ ಖಾತೆಯಲ್ಲಿವೆಯಾ ನೋಡಿ. ಎಲ್ಲವನ್ನೂ ಗೂಗಲ್ ಖಾತೆಗೆ ಹಾಕಿಕೊಳ್ಳಿ, ಯಾವ ಬ್ರ್ಯಾಂಡಿಗೆ ಹೋದರೂ ಬರುತ್ತವೆ.

ವಾಟ್ಸಾಪಿನಲ್ಲೇ ಜನ ಎಡವುವುದು. ಆಂಡ್ರಾಯ್ಡಿನಿಂದ ಆಂಡ್ರಾಯ್ಡಿಗಾದರೆ ಎರಡೂ ಫೋನು ಹತ್ತಿರ ಇಟ್ಟು, ಚಾಟ್ ಟ್ರಾನ್ಸ್‌ಫರ್‌ನಲ್ಲಿ ಕ್ಯೂಆರ್ ತೋರಿಸಿದರೆ ಆಯಿತು. ನಿಧಾನ ನೆಟ್ ಇರುವ ನಮ್ಮಂಥ ಊರಿಗೆ ಇದೇ ಒಳ್ಳೆಯ ದಾರಿ, ಗೂಗಲ್ ಡ್ರೈವಿಗೆ ಹತ್ತಿಸಿ ಇಳಿಸುವ ಕೆಲಸ ಇಲ್ಲ. ಆದರೆ ಡ್ರೈವಿನಲ್ಲಿರುವ ಬ್ಯಾಕಪ್ ಐಫೋನಿಗೆ ಬರುವುದಿಲ್ಲ. ಅಲ್ಲಿಗೆ ಹೋಗುವಾಗ ಮೂವ್ ಟು ಐಓಎಸ್ ಆ್ಯಪಿನಲ್ಲೇ ವಾಟ್ಸಾಪನ್ನೂ ಆರಿಸಬೇಕು, ಅದೂ ಐಫೋನನ್ನು ಮೊದಲ ಸಲ ತೆರೆಯುವಾಗಲೇ. ಅಂಗಡಿಯವರು ಸಹಾಯ ಮಾಡುತ್ತೇನೆ ಅಂತ ಪೂರ್ತಿ ಸೆಟಪ್ ಮಾಡಿಕೊಟ್ಟುಬಿಟ್ಟರೆ, ಮನೆಗೆ ಬಂದು ಮತ್ತೆ ಎಲ್ಲ ಅಳಿಸಬೇಕಾಗುತ್ತದೆ. "ಹಾಗೇ ಕೊಡಿ, ನಾವೇ ಮಾಡ್ಕೋತೀವಿ" ಅಂತ ಮೊದಲೇ ಹೇಳಿ. ಎರಡೂ ಫೋನು ಚಾರ್ಜಿಗೆ ಹಾಕಿರಿ, ಒಂದೇ ವೈಫೈನಲ್ಲಿರಲಿ. ಐಫೋನಿನಿಂದ ಆಂಡ್ರಾಯ್ಡಿಗೆ ಬರುವಾಗ ಕೇಬಲ್ ಒಂದು ಹೊಂದಿಸಿಟ್ಟುಕೊಳ್ಳಿ.

ಯುಪಿಐಗೆ ಎರಡು ಎಚ್ಚರಿಕೆ. ಹೊಸ ಫೋನಿನಲ್ಲಿ ಅದು ಶುರುವಾಗುವಾಗ ನಿಮ್ಮ ಸಿಮ್‌ನಿಂದ ಒಂದು ಎಸ್ಎಂಎಸ್ ತಾನಾಗಿ ಹೋಗಬೇಕು. ಮನೆಯಲ್ಲಿ ವೈಫೈ ಮಾತ್ರ ಇದ್ದು ಸಿಗ್ನಲ್ ಇಲ್ಲದಿದ್ದರೆ ಅದು ಹೋಗದೆ ಮತ್ತೆ ಮತ್ತೆ ಫೇಲ್ ಆಗುತ್ತದೆ. ಪೇಟೆಗೆ ಹೋದಾಗ ಮಾಡಿ, ಇಲ್ಲವೇ ಸಿಗ್ನಲ್ ಬರುವ ಗುಡ್ಡದ ಮೇಲೆ ನಿಂತು ಮಾಡಿ. ಪ್ಯಾಕಿನಲ್ಲಿ ಎಸ್ಎಂಎಸ್ ಇರಬೇಕು. ಎರಡನೆಯದು, ಫೋನು ಬದಲಾದ ಮೊದಲ 24 ಗಂಟೆ ಸಾಮಾನ್ಯವಾಗಿ ಒಟ್ಟು 5,000 ರೂಪಾಯಿ ಮಾತ್ರ ಕಳಿಸಬಹುದು. ಐಫೋನಿನಲ್ಲಿ ಕೆಲವು ಬ್ಯಾಂಕುಗಳು ಇದನ್ನು ಇನ್ನೂ ಜಾಸ್ತಿ ಹೊತ್ತು ಇಡುತ್ತವೆ. ಕೊನೆಗಾರರಿಗೆ, ಸುಲಿಯುವವರಿಗೆ ವಾರದ ಬಟವಾಡೆ ಕೊಡುವ ಹಿಂದಿನ ದಿನ ಫೋನು ಬದಲಾಯಿಸಬೇಡಿ.

ಹಳೆ ಫೋನನ್ನು ಅವತ್ತೇ ಮಾರಬೇಡಿ. ಹದಿನೈದು ದಿನ ಇರಲಿ, ಏನಾದರೂ ಬಿಟ್ಟುಹೋಗಿದ್ದು ಅಷ್ಟರಲ್ಲಿ ನೆನಪಾಗುತ್ತದೆ. ಹೊಸದನ್ನು ಅದೇ ಹದಿನೈದು ದಿನ ಜಗಲಿ, ಅಡಿಗೆಮನೆ, ಕೊಟ್ಟಿಗೆ, ತೋಟ ಎಲ್ಲ ಕಡೆ ಒಯ್ದು, ಮೊದಲು ಬರೆದಿಟ್ಟ ಅಂಕಿಯ ಪಕ್ಕದಲ್ಲಿ ಅದರ ಅಂಕಿಯನ್ನೂ ಬರೆಯಿರಿ. ಎಲ್ಲ ಸರಿಯಿದೆ ಅಂತಾದ ಮೇಲೆ ಹಳೆಯದರಿಂದ ಗೂಗಲ್ ಖಾತೆ ತೆಗೆಯಿರಿ, ಐಫೋನಾದರೆ ಐಕ್ಲೌಡಿನಿಂದ ಹೊರಬನ್ನಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ಕೊಂಡವರಿಗೆ ಫೋನು ತೆರೆಯುವುದೇ ಇಲ್ಲ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿದ್ದೀರಾ ಅಂತ ಕವರ್ ಬಿಚ್ಚಿ ಇನ್ನೊಮ್ಮೆ ನೋಡಿ, ಆಮೇಲೆ ಕೊಡಿ.